ಹೊರಾಂಗಣ ಸೌದೆ ಬಾಯ್ಲರ್, ಟ್ಯಾಂಕಿನೊಡನೆ ಅನಿಲೀಕರಣ ಬಾಯ್ಲರ್, ಕೋಣೆಯ ಒಲೆ: ಬಳಸಿ ನೋಡಿದ ಹೋಲಿಕೆ

ಸೌದೆಯಿಂದ ಮನೆಯನ್ನು ಬೆಚ್ಚಗಿಡುವ ಮೂರು ವ್ಯವಸ್ಥೆಗಳನ್ನು ನಾನು ಒಂದಾದ ಮೇಲೊಂದರಂತೆ ಬಳಸಿದ್ದೇನೆ: ಅಂಗಳದಲ್ಲಿ ನಿಲ್ಲುವ ಹಳೆಯ ಮಾದರಿಯ ಹೊರಾಂಗಣ ಬಾಯ್ಲರ್, ನೀರಿನ ದೊಡ್ಡ ಟ್ಯಾಂಕಿಗೆ ಜೋಡಿಸಿದ ಅನಿಲೀಕರಣ ಬಾಯ್ಲರ್ ಮತ್ತು ಕೋಣೆಯೊಳಗಿನ ಗಾಜಿನ ಬಾಗಿಲಿನ ಒಲೆ. ಮೂರರಲ್ಲೂ ಉರಿಯುವುದು ಅದೇ ಸೌದೆಯಾದರೂ, ಹೊತ್ತಿಸಿದ ಬೆಂಕಿಯನ್ನು ಪೂರ್ತಿ ಉರಿಯಲು ಬಿಡುತ್ತೇವೆಯೋ ಅಥವಾ ನಡುವೆ ಗಾಳಿ ತಡೆದು ಕುಗ್ಗಿಸುತ್ತೇವೆಯೋ ಎಂಬುದರ ಮೇಲೆಯೇ ಸೌದೆಯ ಖರ್ಚು, ಹೊಗೆ, ಬಾಯ್ಲರಿನ ಬಾಳಿಕೆ ಎಲ್ಲವೂ ನಿಂತಿವೆ ಎಂಬುದು ನನ್ನ ಅಭಿಪ್ರಾಯ.

ಹೊರಾಂಗಣ ಬಾಯ್ಲರಿನ ರಚನೆ ಸರಳ. ಉಕ್ಕಿನ ದೊಡ್ಡ ಉರಿಗೂಡಿನ ಸುತ್ತ ನೀರು ತುಂಬಿದ ಕವಚವಿರುತ್ತದೆ. ಬಿಸಿಯಾದ ನೀರನ್ನು ಪಂಪ್ ನೆಲದಡಿಯ ಪೈಪುಗಳ ಮೂಲಕ ಮನೆಗೆ ತಳ್ಳುತ್ತದೆ, ತಣಿದ ನೀರು ಮರಳಿ ಬರುತ್ತದೆ. ಇದರ ಸುಖವನ್ನು ಅಲ್ಲಗಳೆಯಲಾಗದು. ತೊಗಟೆ, ಬೂದಿ, ಹುಳು, ಧೂಳು ಯಾವುದೂ ಮನೆಯೊಳಗೆ ಬರುವುದಿಲ್ಲ, ಬೆಂಕಿಯ ಭಯವೂ ಗೋಡೆಯಿಂದ ದೂರ ಉಳಿಯುತ್ತದೆ. ಸೀಳದ ಕೊರಡುಗಳನ್ನೂ ನುಂಗುವಷ್ಟು ಅಗಲದ ಬಾಗಿಲಿರುವುದರಿಂದ ಕೊಡಲಿಯ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ತೊಂದರೆ ಆರಂಭವಾಗುವುದು ನೀರು ನಿಗದಿತ ಬಿಸಿಯನ್ನು, ಅಂದರೆ ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸನ್ನು, ಮುಟ್ಟಿದಾಗ. ಆಗ ಗಾಳಿಕಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಸೌದೆಯ ರಾಶಿ ಉರಿಯದೆ ಗಂಟೆಗಟ್ಟಲೆ ಹೊಗೆಯಾಡುತ್ತದೆ. ಸುತ್ತಲೂ ನೀರಿರುವ ಕಾರಣ ಉರಿಗೂಡಿನ ಗೋಡೆ ನೀರಿನ ಬಿಸಿಗಿಂತ ಹೆಚ್ಚು ಕಾಯುವುದೇ ಇಲ್ಲವಾದ್ದರಿಂದ, ಉರಿಯದೆ ಉಳಿದ ಅನಿಲಗಳು ಅದರ ಮೇಲೆ ತಣಿದು ಡಾಂಬರಿನಂತಹ ಕಪ್ಪು ಅಂಟಾಗಿ ಇಳಿಯುತ್ತವೆ. ಹಿತವಾದ ಚಳಿಯ ದಿನಗಳಲ್ಲಿ ಈ ಅಂಟಿಗೆ ಬಾಗಿಲೇ ಕಚ್ಚಿಕೊಂಡು, ಸಲಾಕೆಯಿಂದ ಮೀಟಿ ತೆರೆಯಬೇಕಾಗುತ್ತಿತ್ತು. ತೆರೆಯುವಾಗಲೂ ಒಮ್ಮೆಗೇ ಎಳೆಯದೆ, ಬೆರಳಷ್ಟು ಸಂದು ಬಿಟ್ಟು ಒಳಗಿನ ಅನಿಲ ಹೊರಹೋಗಲು ಬಿಡಬೇಕು. ಇಲ್ಲದಿದ್ದರೆ ಹೊಸ ಗಾಳಿ ತಗುಲಿದೊಡನೆ ಉರಿ ಮುಖಕ್ಕೇ ಬಡಿಯುತ್ತದೆ. ಚಿಮಣಿ ಗಿಡ್ಡವಾಗಿರುವುದರಿಂದ ಹೊಗೆ ಮೇಲೇರದೆ ನೆಲದ ಮೇಲೆಯೇ ಹರಡಿ, ನೆರೆಯವರ ಕಿಟಕಿಯನ್ನು ಹುಡುಕಿಕೊಂಡು ಹೋಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಇಂತಹ ಬಾಯ್ಲರುಗಳಿಗೂ ಹೊಗೆಯ ಮಿತಿ ವಿಧಿಸಿ 2020ರಿಂದ ಅದನ್ನು ಮತ್ತಷ್ಟು ಬಿಗಿಗೊಳಿಸಿದ್ದು ಕಾರಣವಿಲ್ಲದೆ ಅಲ್ಲ.

ನೆಲದಡಿಯ ಪೈಪಿನ ವಿಷಯವನ್ನು ಮಾರಾಟಗಾರರು ಬೇಗನೆ ದಾಟಿಬಿಡುತ್ತಾರೆ. ಬಿಸಿ ಪೈಪನ್ನೂ ಮರಳುವ ಪೈಪನ್ನೂ ತೆಳುವಾದ ಒಂದೇ ಹೊದಿಕೆಯಲ್ಲಿ ಸುತ್ತಿ ಹೂಳಿದರೆ, ಮಣ್ಣಿನ ತೇವ ಅದರೊಳಗೆ ಸೇರಿ, ಮನೆಗೆ ಹೋಗಬೇಕಾದ ಶಾಖ ದಾರಿಯಲ್ಲೇ ಸೋರುತ್ತದೆ. ಹಿಮ ಬಿದ್ದಾಗ ಪೈಪು ಸಾಗಿದ ಗೆರೆಯ ಉದ್ದಕ್ಕೂ ಅದು ಕರಗಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ.

ಅನಿಲೀಕರಣ ಬಾಯ್ಲರಿನಲ್ಲಿ ಎರಡು ಕೋಣೆಗಳಿರುತ್ತವೆ. ಮೇಲಿನದರಲ್ಲಿ ಸೌದೆ ಕಾದು ಅನಿಲ ಬಿಡುತ್ತದೆ. ಫ್ಯಾನ್ ಆ ಅನಿಲವನ್ನು ಕೆಂಡದ ನಡುವಿನಿಂದ ಕೆಳಗಿನ ಶಾಖನಿರೋಧಕ ಗೂಡಿಗೆ ಎಳೆಯುತ್ತದೆ, ಅಲ್ಲಿ ಅದು ಸುಮಾರು 1000 ಡಿಗ್ರಿ ಬಿಸಿಯಲ್ಲಿ ಉರಿದುಹೋಗುತ್ತದೆ. ಉರಿ ಹಿಡಿದ ಮೇಲೆ ಚಿಮಣಿಯ ತುದಿಯಲ್ಲಿ ಕಾಣುವುದು ಬಿಸಿಗಾಳಿಯ ನಡುಕ ಮಾತ್ರ. ಆದರೆ ನನ್ನ ದೃಷ್ಟಿಯಲ್ಲಿ ಇಲ್ಲಿ ನಿಜವಾದ ಕೆಲಸಗಾರ ಬಾಯ್ಲರಲ್ಲ, ಪಕ್ಕದ ಟ್ಯಾಂಕ್. 2000 ಲೀಟರ್ ನೀರನ್ನು 50ರಿಂದ 90 ಡಿಗ್ರಿಗೆ ಏರಿಸಿದರೆ ಅದರಲ್ಲಿ ಸುಮಾರು 93 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಾಖ ಕೂಡಿರುತ್ತದೆ. ಗಂಟೆಗೆ 8 ಯೂನಿಟ್ ಬೇಡುವ ಮನೆಗೆ ಅದು ಹನ್ನೊಂದು ಗಂಟೆಗೂ ಹೆಚ್ಚು ಸಾಕು. ಆದ್ದರಿಂದ ಬೆಂಕಿಯನ್ನು ಕುಗ್ಗಿಸುವ ಪ್ರಶ್ನೆಯೇ ಬರುವುದಿಲ್ಲ: ಜೋರಾಗಿ ಉರಿಸಿ, ಮುಗಿಯಲು ಬಿಟ್ಟು, ಟ್ಯಾಂಕಿನಿಂದ ಬೇಕಾದಾಗ ಶಾಖ ತೆಗೆದುಕೊಳ್ಳಬಹುದು.

ಈ ಬಾಯ್ಲರು ಸೌದೆಯ ವಿಷಯದಲ್ಲಿ ಮಾತ್ರ ಮಹಾ ಹಟಮಾರಿ. ತೇವಾಂಶ ಶೇ. 20ರ ಆಸುಪಾಸಿಗೆ ಇಳಿಯದಿದ್ದರೆ ಉರಿ ಕೆಳಗಿಳಿಯಲು ಒಪ್ಪುವುದಿಲ್ಲ, ಹಾಗಾಗಿ ಒಂದು ವರ್ಷ ಮುಂಚಿತವಾಗಿಯೇ ಸೀಳಿ ಒಟ್ಟಿಡಬೇಕು. ಗಟ್ಟಿ ಮರವಾದರೆ ಎರಡು ವರ್ಷ. ಹೊರಾಂಗಣ ಬಾಯ್ಲರು ಹಸಿ ಸೌದೆಯನ್ನೂ ಉರಿಸುತ್ತದೆ ಎಂಬ ಹೊಗಳಿಕೆಯನ್ನು ಇಲ್ಲಿಟ್ಟು ನೋಡಬೇಕು. ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಶಾಖವಿದ್ದರೆ, ಅರ್ಧ ತೂಕ ನೀರೇ ಇರುವ ಹಸಿ ಸೌದೆಯಲ್ಲಿ ಅದು 2ರಿಂದ 2.5 ಯೂನಿಟ್ ಮಾತ್ರ. ಹಸಿಯದನ್ನು ಉರಿಸುವವರು ನೀರನ್ನು ಹೊತ್ತು ತಂದು ಆವಿ ಮಾಡುತ್ತಿದ್ದಾರೆ, ಅಷ್ಟೆ.

ಕೋಣೆಯ ಒಲೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಖರ್ಚು ಎಲ್ಲಕ್ಕಿಂತ ಕಡಿಮೆ, ಪಂಪು ಪೈಪುಗಳ ರಗಳೆಯಿಲ್ಲ, ಆದರೆ ಪಕ್ಕದ ಕೋಣೆ ತಣ್ಣಗೇ ಇರುತ್ತದೆ ಮತ್ತು ಬೂದಿ ಗುಡಿಸುವ ಕೆಲಸ ತಪ್ಪುವುದಿಲ್ಲ. ಕರೆಂಟು ಹೋದಾಗ ಮಾತ್ರ ಇದಕ್ಕೆ ಸಾಟಿಯಿಲ್ಲ. ಉಳಿದೆರಡರಲ್ಲಿ ಪಂಪ್ ನಿಂತೊಡನೆ ಮನೆ ತಣಿಯುತ್ತದೆ, ಬಾಯ್ಲರಿನ ನೀರು ಕುದಿಯಲೂಬಹುದು.

ಒಂದೇ ಮನೆ, ಹತ್ತಿರದಲ್ಲೇ ನೆರೆಹೊರೆ, ಸೌದೆ ಒಣಗಿಸಲು ಜಾಗ ಇವಿಷ್ಟಿದ್ದರೆ ನಾನು ಟ್ಯಾಂಕಿನೊಡನೆ ಅನಿಲೀಕರಣ ಬಾಯ್ಲರನ್ನೇ ಆರಿಸುತ್ತೇನೆ, ಮೊದಲ ಖರ್ಚು ಹೆಚ್ಚಾದರೂ ಸರಿ. ಮನೆಯ ಜೊತೆಗೆ ಕೊಟ್ಟಿಗೆ, ಕಾರ್ಯಾಗಾರಗಳನ್ನೂ ಬೆಚ್ಚಗಿಡಬೇಕಾಗಿದ್ದು, ಸ್ವಂತ ಮರಗಳಿದ್ದು, ಸುತ್ತ ಯಾರೂ ಇಲ್ಲದವರಿಗೆ ಹೊರಾಂಗಣ ಬಾಯ್ಲರು ಇಂದಿಗೂ ಒಗ್ಗುತ್ತದೆ. ಅದನ್ನು ಈಗಾಗಲೇ ಹಾಕಿಸಿಕೊಂಡವರು ಗೂಡನ್ನು ಕಿಕ್ಕಿರಿಯುವಂತೆ ತುಂಬುವ ಬದಲು ಆ ರಾತ್ರಿಯ ಚಳಿಗೆ ತಕ್ಕಷ್ಟೇ ಸೌದೆ ಹಾಕುವುದು, ಮರಳುವ ನೀರು 60 ಡಿಗ್ರಿಗಿಂತ ಕೆಳಗಿಳಿಯದಂತೆ ಅದಕ್ಕೆ ಬಿಸಿ ನೀರು ಬೆರೆಸುವ ಮಿಶ್ರಣ ವಾಲ್ವ್ ಕೂರಿಸುವುದು, ತುಕ್ಕುನಿರೋಧಕ ದ್ರವ ನೀರಿನಲ್ಲಿ ಸಾಕಷ್ಟಿದೆಯೇ ಎಂದು ಪ್ರತಿ ವರ್ಷ ಪರೀಕ್ಷಿಸುವುದು ಒಳ್ಳೆಯದು; ಈ ಬಾಯ್ಲರುಗಳ ಉಕ್ಕು ಕವಚದ ಕಡೆಯಿಂದ ನೀರಿಗೂ ಉರಿಗೂಡಿನ ಕಡೆಯಿಂದ ಆಮ್ಲೀಯ ತೇವಕ್ಕೂ ತುಕ್ಕು ಹಿಡಿದು ತೂತಾಗುತ್ತದೆ.