30 ವ್ಯಾಟ್ ಬೋರ್ಡಿಗೆ 60 ವ್ಯಾಟ್ ಸ್ಟಿಕ್ಕರ್: ಎಸ್‌ಎಂಪಿಎಸ್ ಹೊರಗೆ ಮಾಡಿಸುವವರು ನೋಡಿಕೊಳ್ಳಿ

ನಮ್ಮ ಕಂಟ್ರೋಲ್ ಪ್ಯಾನೆಲ್‌ಗೆ 24 ವೋಲ್ಟ್, 60 ವ್ಯಾಟ್‌ನ ಎಸ್‌ಎಂಪಿಎಸ್, ಅಂದರೆ ಮೇನ್ಸ್ ಕರೆಂಟನ್ನು ಕಡಿಮೆ ವೋಲ್ಟಿನ ಡಿಸಿ ಮಾಡಿ ಕೊಡುವ ಸ್ವಿಚಿಂಗ್ ಪವರ್ ಸಪ್ಲೈ ಬೇಕಿತ್ತು. ಡಿಸೈನ್ ಹೊರಗೆ ಕೊಟ್ಟೆವು. ಟೇಬಲ್ ಮೇಲೆ ಲೋಡ್ ಹಾಕಿ ತೋರಿಸಿದಾಗ ಎಲ್ಲ ಸರಿಯಿತ್ತು. ಪ್ಯಾನೆಲ್ ಒಳಗೆ ಸೇರಿ ಬಿಸಿಯೇರಿದ ಮೇಲೆ ಕರೆಂಟ್ ಹೋಗಿ ಬಂದರೆ ಸಾಕು, ಢಬ್! ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್), ಸೆನ್ಸ್ ರೆಸಿಸ್ಟರ್ (ಆ ಕರೆಂಟ್ ಅಳೆಯುವುದು), ಕಂಟ್ರೋಲರ್ ಐಸಿ, ಫ್ಯೂಸ್ ಎಲ್ಲವೂ ಒಟ್ಟಿಗೇ ಹೋಗುತ್ತಿದ್ದವು.

ಬಿಚ್ಚಿ ನೋಡಿದರೆ, ಚಿಪ್ ಕಂಪನಿಯೊಂದರ 30 ವ್ಯಾಟ್ ಇವ್ಯಾಲ್ಯುಯೇಷನ್ ಬೋರ್ಡಿನ (ಚಿಪ್ ಪರೀಕ್ಷಿಸಲು ಕೊಡುವ ಮಾದರಿ ಬೋರ್ಡು) ಫ್ಲೈಬ್ಯಾಕ್ ಸರ್ಕ್ಯೂಟನ್ನೇ ಇಳಿಸಿದ್ದಾರೆ. ಔಟ್‌ಪುಟ್ ಡಯೋಡ್ ಮತ್ತು ಹೀಟ್‌ಸಿಂಕ್ ದೊಡ್ಡದು, 0.47 ಓಮ್ ಸೆನ್ಸ್ ರೆಸಿಸ್ಟರ್ ಜಾಗದಲ್ಲಿ 0.22. ಟ್ರಾನ್ಸ್‌ಫಾರ್ಮರ್ ಮಾತ್ರ ಅದೇ ಇಇ25 ಅಳತೆಯ ಫೆರೈಟ್ ಕೋರ್, ಪ್ರೈಮರಿಗೆ (ಮೇನ್ಸ್ ಕಡೆಯ ಸುರುಳಿಗೆ) ಅದೇ 54 ಸುತ್ತು, ಅದೇ 500 ಮೈಕ್ರೋಹೆನ್ರಿ.

ಅನಾಹುತ ಆಗಿದ್ದು ಇಲ್ಲೇ. ಫ್ಲೈಬ್ಯಾಕ್‌ನಲ್ಲಿ ಪ್ರತಿ ಸೈಕಲ್‌ನ ಶಕ್ತಿಯೂ ಕೋರ್‌ನ ಗ್ಯಾಪ್‌ನಲ್ಲಿ ಕೂತು ಆಚೆ ಹೋಗಬೇಕು. ಪವರ್ ಎರಡರಷ್ಟಾದರೆ ಪೀಕ್ ಕರೆಂಟ್ 1.4 ಪಟ್ಟು, ಫ್ಲಕ್ಸ್ ಕೂಡ ಅಷ್ಟೇ ಪಟ್ಟು. 0.26 ಟೆಸ್ಲಾದಲ್ಲಿ ಹಾಯಾಗಿದ್ದ ಕೋರ್ 0.37ಕ್ಕೆ ಏರಿತು. ಪವರ್ ಫೆರೈಟ್ ತಣ್ಣಗಿದ್ದಾಗ ಸುಮಾರು 0.49ರವರೆಗೆ ತಡೆಯುತ್ತದೆ, 100 ಡಿಗ್ರಿಗೆ ಬಂದರೆ 0.39ರ ಆಸುಪಾಸು. ಅದನ್ನು ಮೀರಿದರೆ ಕೋರ್ ಸ್ಯಾಚುರೇಟ್ ಆಗಿ, ಅಂದರೆ ಇನ್ನು ಫ್ಲಕ್ಸ್ ಹಿಡಿಯಲಾರದೆ, ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಟೇಬಲ್ ಮೇಲೆ ಪಾಸ್, ಪ್ಯಾನೆಲ್‌ನಲ್ಲಿ ಫೇಲ್ ಆಗಿದ್ದು ಇದಕ್ಕೇ. ಜೊತೆಗೆ ಸ್ಟಾರ್ಟ್ ಆಗುವಾಗ ಔಟ್‌ಪುಟ್ ಕೆಪಾಸಿಟರ್ ಖಾಲಿ ಇರುವುದರಿಂದ ಐಸಿ ಕರೆಂಟ್ ಲಿಮಿಟ್‌ವರೆಗೂ ತಳ್ಳುತ್ತದೆ. ಮೊದಲು 1.7 ಆಂಪಿಯರ್ ಇದ್ದ ಆ ಲಿಮಿಟ್, ಸೆನ್ಸ್ ರೆಸಿಸ್ಟರ್ ಇಳಿಸಿದ್ದರಿಂದ ಈಗ 3.6. ಕಾವಲುಗಾರನನ್ನೇ ಮನೆಗೆ ಕಳಿಸಿದ ಹಾಗೆ. ಮಾಸ್ಫೆಟ್ ಆಫ್ ಆಗುವಾಗ ಏಳುವ ವೋಲ್ಟೇಜ್ ಹೀರುವ ಸ್ನಬ್ಬರ್ ರೆಸಿಸ್ಟರ್ ಕಂದಿ ಕಪ್ಪಾಗಿದ್ದೂ ಇದೇ ಲೆಕ್ಕದಲ್ಲಿ.

ಇದನ್ನಾದರೂ ಕ್ಷಮಿಸಬಹುದು. ಹೀಟ್‌ಸಿಂಕ್‌ಗೆ ಜಾಗ ಮಾಡಲು ಆಪ್ಟೋಕಪ್ಲರ್ (ಎರಡು ಕಡೆಗಳ ನಡುವೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಭಾಗ) ಕೆಳಗೆ ಬೋರ್ಡಿನಲ್ಲಿ ಕೊರೆದಿದ್ದ ಸ್ಲಾಟ್ ತೆಗೆದು ಅಲ್ಲಿ ತಾಮ್ರ ಹರಿಸಿದ್ದಾರೆ. ಮೇನ್ಸ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಕನಿಷ್ಠ 6 ಮಿ.ಮೀ. ಬಿಡುವುದು ರೂಢಿ, ಇಲ್ಲಿ 3 ಕೂಡ ಇಲ್ಲ. ಮೇನ್ಸ್ ಕಡೆಗೂ ಔಟ್‌ಪುಟ್ ಕಡೆಗೂ ನಡುವೆ ಹಾಕುವ, ಶಾರ್ಟ್ ಆಗದಂತೆ ಮಾಡಿದ ವೈ ಕೆಪಾಸಿಟರ್ ಜಾಗದಲ್ಲಿ ಸಾಮಾನ್ಯ 1 ಕೆವಿ ಸೆರಾಮಿಕ್ ಡಿಸ್ಕ್. ಅದು ಶಾರ್ಟ್ ಆದರೆ ಆಪರೇಟರ್ ಮುಟ್ಟುವ 24 ವೋಲ್ಟ್ ತಂತಿಗೇ ಮೇನ್ಸ್ ಬರುತ್ತದೆ. ಕೇಳಿದ್ದಕ್ಕೆ ಬಂದ ಉತ್ತರ: ‘ಔಟ್‌ಪುಟ್ ಬರ್ತಾ ಇದೆಯಲ್ಲ ಸಾರ್!’

ಆರ್ಡರ್ ಕೊಡುವ ಮೊದಲು ಟ್ರಾನ್ಸ್‌ಫಾರ್ಮರ್ ಲೆಕ್ಕದ ಹಾಳೆ ಕೇಳಿ: ಯಾವ ಕೋರ್, ಎಷ್ಟು ಸುತ್ತು, ಕರೆಂಟ್ ಲಿಮಿಟ್‌ನಲ್ಲಿ ಎಷ್ಟು ಫ್ಲಕ್ಸ್. ಮುಚ್ಚಿದ ಡಬ್ಬಿಯಲ್ಲಿ ಫುಲ್ ಲೋಡ್‌ನಲ್ಲಿ ಕಾಯಿಸಿ, ಆಫ್ ಮಾಡಿ ಆನ್ ಮಾಡಿಸಿ, ಮಾಸ್ಫೆಟ್‌ನ ಡ್ರೈನ್ ಕರೆಂಟ್ ಆಸಿಲೋಸ್ಕೋಪ್‌ನಲ್ಲಿ ನೋಡಿ. ಏರುವ ಗೆರೆ ನೇರವಾಗಿರಬೇಕು, ತುದಿಯಲ್ಲಿ ಮೇಲಕ್ಕೆ ಬಾಗಿದರೆ ಕೋರ್ ಸ್ಯಾಚುರೇಟ್ ಆಗುತ್ತಿದೆ. ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸ್ಕೋಪ್ ಕ್ಲಿಪ್ ಪ್ರೈಮರಿಗೆ ಹಾಕಬೇಡಿ.

ಕೊಟ್ಟ ದುಡ್ಡು ಬರಲಿಲ್ಲ. ಇಟಿಡಿ29 ಕೋರ್‌ನಲ್ಲಿ ಬೇರೆ ಡಿಸೈನ್ ಮಾಡಿಸುತ್ತಿದ್ದೇವೆ. ಹಳೇ ಬೋರ್ಡ್‌ಗಳನ್ನು ಗಿರಾಕಿಗಳಿಂದ ವಾಪಸ್ ತರಿಸುತ್ತಿದ್ದೇವೆ, ಸಿಡಿದವಕ್ಕಿಂತ ಇನ್ನೂ ಓಡುತ್ತಿರುವವನ್ನೇ ಮೊದಲು.