ಬ್ಯಾಕಪ್ ಕೆಡಿಸದ ಮಾನಿಟರಿಂಗ್ ಯಾವುದು? ಪೇಯ್ಡ್ ಏಜೆಂಟ್, ಜ್ಯಾಬಿಕ್ಸ್, ಸ್ವಂತ ಸ್ಕ್ರಿಪ್ಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜ್ಯಾಬಿಕ್ಸ್‌ಗೆ, ಅಂದರೆ ಸರ್ವರ್ ಮೇಲೆ ಕಣ್ಣಿಟ್ಟು ತೊಂದರೆಯಾದರೆ ತಿಳಿಸುವ ಪುಕ್ಕಟೆ ಸಾಫ್ಟ್‌ವೇರ್‌ಗೆ. ಸರ್ವರ್ ಕಾಯಲಿ ಅಂತ ದುಡ್ಡು ಕೊಟ್ಟು ತಂದ ಏಜೆಂಟೇ (ಸರ್ವರ್ ಒಳಗೆ ಕೂತು ಅದರ ಸ್ಥಿತಿ ಹೇಳುವ ಸಾಫ್ಟ್‌ವೇರ್) ಸರ್ವರ್‌ನ ಬ್ಯಾಕಪ್ ಕೆಡಿಸಿ ಕೂತಿತು. ಆಮೇಲೂ ಅದನ್ನು ಹೊಗಳೋಕೆ ಆಗುತ್ತಾ? ಏಜೆಂಟ್‌ನ ಹೆಸರು ಹೇಳುವುದಿಲ್ಲ. ಬೇರೆ ಸಾಫ್ಟ್‌ವೇರ್‌ಗಳೂ ಇದೇ ಎಡವಟ್ಟು ಮಾಡಬಹುದು, ಹಿಡಿಯುವ ದಾರಿ ಗೊತ್ತಿದ್ದರೆ ಸಾಕು.

ನಾನು ನೋಡಿಕೊಳ್ಳುವುದು ದಾವಣಗೆರೆಯ ಒಂದು ಆಡಿಟರ್ ಆಫೀಸಿನ ಸರ್ವರ್. ವಿಂಡೋಸ್ ಸರ್ವರ್ 2016. ಒಳಗೆ ಟ್ಯಾಲಿ ಡೇಟಾ, ಕ್ಲೈಂಟ್‌ಗಳ ಫೋಲ್ಡರ್‌ಗಳು. ಬ್ಯಾಕಪ್‌ಗೆ ವಿಂಡೋಸ್ ಜೊತೆ ಪುಕ್ಕಟೆ ಬರುವ ವಿಂಡೋಸ್ ಸರ್ವರ್ ಬ್ಯಾಕಪ್, ದಿನಾ ರಾತ್ರಿ 9ಕ್ಕೆ, ಯುಎಸ್‌ಬಿ ಹಾರ್ಡ್‌ಡಿಸ್ಕ್‌ಗೆ. ಇದರ ಪಕ್ಕದಲ್ಲಿ ಮೂರು ಥರದ ಮಾನಿಟರಿಂಗ್ ಓಡಿಸಿ ನೋಡಿದ್ದೇನೆ.

ಪೇಯ್ಡ್ ಏಜೆಂಟ್

ನೋಡೋಕೆ ಚಂದ. ಸಿಪಿಯು, ಡಿಸ್ಕ್, ಫ್ಯಾನ್ ಸ್ಪೀಡ್, ಟೆಂಪರೇಚರ್ ಎಲ್ಲಾ ಮೊಬೈಲಲ್ಲೇ. ಆದರೆ ಟೆಂಪರೇಚರ್ ಓದೋಕೆ ಅದು ತನ್ನದೇ ಒಂದು ಡ್ರೈವರ್, ಅಂದರೆ ಹಾರ್ಡ್‌ವೇರ್ ಜೊತೆ ಮಾತಾಡುವ ಪುಟ್ಟ ಪ್ರೋಗ್ರಾಮ್, ಹಾಕಿಕೊಳ್ಳುತ್ತದೆ. ಎಲ್ಲಾ ರಾಮಾಯಣ ಶುರುವಾಗಿದ್ದು ಅಲ್ಲಿಂದ.

ಇದನ್ನು ಹಾಕಿದ ಮೇಲೆ ಫೈಲ್‌ಗಳ ಬ್ಯಾಕಪ್ ಸರಿಯಾಗೇ ಆಗುತ್ತಿತ್ತು, ಸಿಸ್ಟಮ್ ಸ್ಟೇಟ್, ಅಂದರೆ ವಿಂಡೋಸ್‌ನ ಸ್ವಂತ ಫೈಲ್‌ಗಳು ಮತ್ತು ಸೆಟ್ಟಿಂಗ್‌ಗಳ ಬ್ಯಾಕಪ್, ಮಾತ್ರ ಫೇಲ್. ಟ್ಯಾಲಿ ಫೋಲ್ಡರ್ ಡಿಸ್ಕಿಗೆ ಬರುತ್ತಿದ್ದರಿಂದ ಆಫೀಸಿನವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಾಳೆ ಸರ್ವರ್‌ನ ಡಿಸ್ಕ್ ಸತ್ತರೆ ಗೊತ್ತಾಗುತ್ತಿತ್ತು. ಸಿಸ್ಟಮ್ ಸ್ಟೇಟ್ ಇಲ್ಲದಿದ್ದರೆ ವಿಂಡೋಸ್, ಯೂಸರ್‌ಗಳು, ಶೇರ್‌ಗಳು, ಪರ್ಮಿಷನ್‌ಗಳು ಎಲ್ಲಾ ಮೊದಲಿಂದ ಕಟ್ಟಬೇಕು. ಜುಲೈ ಕೊನೆ ವಾರದಲ್ಲಿ, ರಿಟರ್ನ್ ಫೈಲ್ ಮಾಡುವ ಗಡಿಬಿಡಿಯಲ್ಲಿ, ಆಡಿಟರ್ ಮುಂದೆ ನಿಂತು ಈ ಮಾತು ಹೇಳುವ ಧೈರ್ಯ ನನಗಂತೂ ಇಲ್ಲ. ತಮಾಷೆ ಅಂದರೆ ಏಜೆಂಟ್‌ನ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು.

ಎರರ್ ನಂಬರ್ 0ಎಕ್ಸ್8007007ಬಿ. ಫೈಲ್ ಹೆಸರೋ ಫೋಲ್ಡರ್ ಹೆಸರೋ ಬರೆದ ರೀತಿ ತಪ್ಪು ಅನ್ನುವುದು ಅದರ ಅರ್ಥ. ಯಾವ ಫೈಲು? ಸ್ಕ್ರೀನ್ ಮೇಲೆ ಅದಿಲ್ಲ. ಬ್ಯಾಕಪ್ ಫೇಲ್ ಆದರೆ ಎಲ್ಲರೂ ಮೊದಲು ಅನುಮಾನಪಡುವುದು ವಿಎಸ್‌ಎಸ್ ಮೇಲೆ, ಅಂದರೆ ಫೈಲ್‌ಗಳು ಬಳಕೆಯಲ್ಲಿ ಇದ್ದಾಗಲೇ ಡಿಸ್ಕಿನ ಒಂದು ನಕಲು ಹಿಡಿದುಕೊಡುವ ಸರ್ವೀಸ್ ಮೇಲೆ. 'ವಿಎಸ್‌ಎಸ್‌ಅಡ್ಮಿನ್ ಲಿಸ್ಟ್ ರೈಟರ್ಸ್' ಹೊಡೆದರೆ ಎಲ್ಲಾ ರೈಟರ್‌ಗಳೂ (ಯಾವ ಫೈಲ್‌ಗಳನ್ನು ಬ್ಯಾಕಪ್ ಮಾಡಬೇಕು ಅಂತ ವಿಎಸ್‌ಎಸ್‌ಗೆ ಹೇಳುವ ಭಾಗಗಳು) 'ಸ್ಟೇಬಲ್', 'ನೋ ಎರರ್'. ಆಂಟಿವೈರಸ್ ನಿಲ್ಲಿಸಿ ನೋಡಿದೆ, ಡಿಸ್ಕಿನಲ್ಲಿ ಜಾಗ ನೋಡಿದೆ. ಏಜೆಂಟ್ ಕಂಪನಿಯ ಸಪೋರ್ಟ್‌ಗೆ ಫೋನ್ ಮಾಡಿದರೆ, "ಸರ್, ನಮ್ಮ ಸರ್ವೀಸ್ ಸ್ಟಾಪ್ ಮಾಡಿ ಬ್ಯಾಕಪ್ ತಗೊಳ್ಳಿ. ಆಗಲೂ ಫೇಲ್ ಆದ್ರೆ ಅದು ನಮ್ಮ ಸಮಸ್ಯೆ ಅಲ್ಲ." ಸ್ಟಾಪ್ ಮಾಡಿದೆ. ಆಗಲೂ ಫೇಲ್. ಅವರ ಪ್ರಕಾರ ಕೇಸ್ ಕ್ಲೋಸ್.

ಆ ಪರೀಕ್ಷೆಯೇ ದಾರಿ ತಪ್ಪಿಸುವಂಥದ್ದು. ಸಿಸ್ಟಮ್ ಸ್ಟೇಟ್ ತೆಗೆಯುವಾಗ 'ಸಿಸ್ಟಮ್ ರೈಟರ್' ಅನ್ನುವುದು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಇರುವ ಸರ್ವೀಸ್‌ಗಳನ್ನೂ ಡ್ರೈವರ್‌ಗಳನ್ನೂ ನೋಡಿ, ಅವುಗಳ ಫೈಲ್ ಎಲ್ಲಿದೆ ಅಂತ ಪಟ್ಟಿ ಮಾಡುತ್ತದೆ. ಸರ್ವೀಸ್ ಓಡುತ್ತಿದೆಯೋ ನಿಂತಿದೆಯೋ ಅದಕ್ಕೆ ಬೇಕಿಲ್ಲ. ಪಟ್ಟಿಯಲ್ಲಿ ಒಂದೇ ಒಂದು ಫೈಲ್‌ನ ಹಾದಿ (ಪಾತ್) ವಕ್ರವಾಗಿದ್ದರೂ ಇಡೀ ಸಿಸ್ಟಮ್ ಸ್ಟೇಟ್ ಬಿದ್ದುಹೋಗುತ್ತದೆ.

ಉತ್ತರ ಇದ್ದದ್ದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ. ಅಲ್ಲಿ ಲಾಗ್ಸ್, ಅದರೊಳಗೆ ವಿಂಡೋಸ್‌ಸರ್ವರ್‌ಬ್ಯಾಕಪ್. ಎರರ್ ಲಾಗ್ ತೆರೆದರೆ ಒಂದು ಸಾಲು: ಸಿ:\ವಿಂಡೋಸ್\\ಸಿಸ್ಟಮ್‌ರೂಟ್\ ಅನ್ನುವ ಕಡೆ ಪಟ್ಟಿ ಮಾಡುವಾಗ ಎರರ್. ಆ ಜೋಡಿ ಗೆರೆ ನೋಡಿ. ಸಿಸ್ಟಮ್‌ರೂಟ್ ಅಂದರೇ ಸಿ:\ವಿಂಡೋಸ್. ಅದರೊಳಗೆ ಮತ್ತೆ ಸಿಸ್ಟಮ್‌ರೂಟ್ ಅನ್ನುವ ಫೋಲ್ಡರ್ ಎಲ್ಲಿಂದ ಬರಬೇಕು?

ಯಾರದ್ದು ಈ ಹಾದಿ ಅಂತ ಹಿಡಿಯೋಕೆ ವಿಂಡೋಸ್ ಸರ್ವರ್ ಜೊತೆಗೇ ಬರುವ 'ಡಿಸ್ಕ್‌ಶಾಡೋ' ಕಮಾಂಡ್ ಬೇಕು. ಅದರಲ್ಲಿ 'ಲಿಸ್ಟ್ ರೈಟರ್ಸ್ ಡೀಟೇಲ್ಡ್' ಕೊಟ್ಟರೆ ಸಾವಿರಾರು ಸಾಲು ಸುರಿಯುತ್ತದೆ. ಅದಕ್ಕೇ ಶುರು ಮಾಡುವಾಗಲೇ ಔಟ್‌ಪುಟ್ ಒಂದು ಟೆಕ್ಸ್ಟ್ ಫೈಲ್‌ಗೆ ಹೋಗುವ ಹಾಗೆ ಮಾಡಿ, ನೋಟ್‌ಪ್ಯಾಡಲ್ಲಿ 'ಸಿಸ್ಟಮ್‌ರೂಟ್' ಅಂತ ಹುಡುಕಿ. ನನಗೆ ಸಿಕ್ಕಿದ್ದು ಏಜೆಂಟ್‌ನ ಟೆಂಪರೇಚರ್ ಡ್ರೈವರ್. ಡ್ರೈವರ್ ಲೋಡ್ ಆಗೋಕೆ ಆ ಹಾದಿ ಸಾಕಾಗಿತ್ತು, ಬ್ಯಾಕಪ್‌ಗೆ ಸಾಕಾಗಲಿಲ್ಲ. ರಿಜಿಸ್ಟ್ರಿಯ ಸರ್ವೀಸಸ್ ಕೀಯಲ್ಲಿ ಆ ಡ್ರೈವರ್‌ನ ಹೆಸರು ಹುಡುಕಿ, ಮೊದಲು ಆ ಕೀ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಡ್ರೈವರ್‌ನ ಫೈಲ್ ಎಲ್ಲಿದೆ ಅಂತ ಹೇಳುವ 'ಇಮೇಜ್‌ಪಾತ್' ಅನ್ನು ಬೇರೆ ಡ್ರೈವರ್‌ಗಳಲ್ಲಿ ಇರುವ ಹಾಗೆ ಸಿಸ್ಟಮ್32\ಡ್ರೈವರ್ಸ್\ ಅಂತ ಶುರುವಾಗುವಂತೆ ಬದಲಾಯಿಸಿದೆ. ಪರೀಕ್ಷೆಗೆ ಇಡೀ ಬ್ಯಾಕಪ್ ಓಡಿಸಬೇಕಾಗಿಲ್ಲ, 'ಡಬ್ಲ್ಯುಬಿಅಡ್ಮಿನ್ ಸ್ಟಾರ್ಟ್ ಸಿಸ್ಟಮ್‌ಸ್ಟೇಟ್‌ಬ್ಯಾಕಪ್' ಸಾಕು. ಪಾಸಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಕ್ಷಮಿಸಿಬಿಡುತ್ತಿದ್ದೆ. ಏಜೆಂಟ್ ತಾನಾಗೇ ಅಪ್‌ಡೇಟ್ ಆಯಿತು, ಹಳೇ ಹಾದಿ ವಾಪಸ್ ಬಂತು, ಬ್ಯಾಕಪ್ ಮತ್ತೆ ಫೇಲ್. ಕೊನೆಗೆ ಬೇಸತ್ತು ಅನ್‌ಇನ್‌ಸ್ಟಾಲ್ ಮಾಡಿದರೆ ಪ್ರೋಗ್ರಾಮ್ ಹೋಯಿತು, ಡ್ರೈವರ್‌ನ ಕೀ ಹಾಗೇ ಉಳಿಯಿತು. ಬಾಡಿಗೆದಾರ ಮನೆ ಖಾಲಿ ಮಾಡಿದರೂ ಕೀಲಿ ಕೊಡದೆ ಹೋದ ಹಾಗೆ. ಅದನ್ನೂ ಕೈಯಾರೆ ಅಳಿಸಬೇಕಾಯಿತು.

ಜ್ಯಾಬಿಕ್ಸ್

ಇದರ ಏಜೆಂಟ್ ಒಂದು ಮಾಮೂಲಿ ಸರ್ವೀಸ್. ಟೆಂಪರೇಚರ್ ಓದುವ ಡ್ರೈವರ್ ಹಾಕಲ್ಲ, ಹಾಗಾಗಿ ಟೆಂಪರೇಚರ್ ತೋರಿಸೋದೂ ಇಲ್ಲ. ನನಗೆ ಅದೇ ಬೇಕಿತ್ತು. ಸರ್ವರ್ ರೂಮಿನ ಎಸಿ ಕೆಟ್ಟರೆ ಆಫೀಸಿನ ಹುಡುಗನೇ ಫೋನ್ ಮಾಡುತ್ತಾನೆ.

ಲೈಸೆನ್ಸ್ ಖರ್ಚಿಲ್ಲ, ಆದರೆ ಜ್ಯಾಬಿಕ್ಸ್ ಸರ್ವರ್‌ಗೆ ಒಂದು ಲಿನಕ್ಸ್ ಮಷಿನ್ ಬೇಕು. ಮೂಲೆಯಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್‌ಗೆ ಡೆಬಿಯನ್ ಹಾಕಿ ಕೂರಿಸಿದೆ.

ಕಿರಿಕಿರಿ ಇಲ್ಲ ಅಂತಲ್ಲ. ಬ್ಯಾಕಪ್ ಸ್ಥಿತಿ ತಿಳಿಯೋಕೆ ಏಜೆಂಟ್ ಮೂಲಕ ವಿಂಡೋಸ್‌ನ ಕಮಾಂಡ್‌ಗಳನ್ನು ಓಡಿಸುವ ಪವರ್‌ಶೆಲ್‌ನ 'ಗೆಟ್-ಡಬ್ಲ್ಯುಬಿಸಮರಿ' ಓಡಿಸಿದರೆ ಟೈಮ್‌ಔಟ್. ಏಜೆಂಟ್ ಮಾಮೂಲಾಗಿ ಕಾಯುವುದು 3 ಸೆಕೆಂಡ್. ಹಳೇ ಸರ್ವರ್‌ನಲ್ಲಿ ಪವರ್‌ಶೆಲ್ ಕಣ್ಣು ಬಿಡುವಷ್ಟರಲ್ಲೇ ಅದು ಮುಗಿದಿರುತ್ತದೆ. ಟೈಮ್‌ಔಟನ್ನು ಏರಿಸಬಹುದು. ನಾನು ಅದರ ಬದಲು ವಿಂಡೋಸ್‌ನ ಬ್ಯಾಕಪ್ ಈವೆಂಟ್ ಲಾಗ್ ಓದಿಸುತ್ತೇನೆ. ಬ್ಯಾಕಪ್ ಯಶಸ್ವಿ ಆದರೆ ಅಲ್ಲಿ ಈವೆಂಟ್ 4 ಬೀಳುತ್ತದೆ. ಈವೆಂಟ್ ಲಾಗ್ ಓದೋಕೆ 'ಆಕ್ಟಿವ್' ಚೆಕ್ಕೇ ಬೇಕು, ಅಂದರೆ ಏಜೆಂಟ್ ತಾನಾಗೇ ಡೇಟಾ ಕಳಿಸುವ ಬಗೆ. ಕಾನ್ಫಿಗ್ ಫೈಲ್‌ನಲ್ಲಿರುವ ಹೋಸ್ಟ್‌ನೇಮ್, ಜ್ಯಾಬಿಕ್ಸ್‌ನಲ್ಲಿ ಕೊಟ್ಟ ಹೆಸರು ಅಕ್ಷರಕ್ಕಕ್ಷರ ಹೊಂದಬೇಕು, ಇಲ್ಲದಿದ್ದರೆ ಏನೂ ಬರಲ್ಲ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು 'ನೋಡೇಟಾ' ಟ್ರಿಗರ್. ಫೇಲ್ ಆದಾಗ ಅಲಾರ್ಮ್ ಅಲ್ಲ, 26 ಗಂಟೆಯೊಳಗೆ ಯಶಸ್ಸಿನ ಈವೆಂಟ್ ಬರದಿದ್ದರೆ ಅಲಾರ್ಮ್. ಕರೆಂಟ್ ಹೋಗಿ, ಯುಪಿಎಸ್ಸೂ ಖಾಲಿಯಾಗಿ ಸರ್ವರ್ ಮಲಗಿದ್ದರೆ 'ಫೇಲ್ ಆಯ್ತು' ಅಂತ ಬರೆಯೋಕೂ ಯಾರೂ ಇರಲ್ಲ, ಅಲ್ವಾ? ಯಾರೋ ಯುಎಸ್‌ಬಿ ಡಿಸ್ಕ್ ಕಿತ್ತು ಪೆನ್‌ಡ್ರೈವ್ ಸಿಕ್ಕಿಸಿದ್ದರೂ ಇದು ಹಿಡಿಯುತ್ತದೆ.

ಜ್ಯಾಬಿಕ್ಸ್ ಜೊತೆ ಬರುವ ಮಾಮೂಲಿ ಟೆಂಪ್ಲೇಟ್ (ಏನೇನು ನೋಡಬೇಕು ಅನ್ನುವ ಸಿದ್ಧ ಪಟ್ಟಿ) ಹಾಕಿದರೆ ಎಡ್ಜ್ ಅಪ್‌ಡೇಟ್ ನಿಂತಿದೆ, ಇನ್ನೊಂದು ನಿಂತಿದೆ ಅಂತ ಸುಮ್ನೆ ಬೇಡದ ಅಲಾರ್ಮ್‌ಗಳು ಜಾಸ್ತಿ. ಅಂಥ ಸರ್ವೀಸ್‌ಗಳನ್ನು ಮೊದಲ ದಿನವೇ ಪಟ್ಟಿಯಿಂದ ತೆಗೆದುಹಾಕಿ.

ಸ್ವಂತ ಸ್ಕ್ರಿಪ್ಟ್

ಟಾಸ್ಕ್ ಶೆಡ್ಯೂಲರ್‌ನಲ್ಲಿ ಬೆಳಗ್ಗೆ ಓಡುವ ನಾಲ್ಕು ಸಾಲಿನ ಪವರ್‌ಶೆಲ್. ಕೊನೆಯ ಯಶಸ್ವಿ ಬ್ಯಾಕಪ್ ಯಾವಾಗ ಅಂತ ಟೆಲಿಗ್ರಾಮ್‌ಗೆ ಕಳಿಸುತ್ತದೆ. ಮೇಲ್ ಬೇಕಾದರೆ ಜಿಮೇಲ್‌ಗೆ ಆಪ್ ಪಾಸ್‌ವರ್ಡ್ (ಒಂದು ಪ್ರೋಗ್ರಾಮ್‌ಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್) ಮಾಡಿಕೊಳ್ಳಬೇಕು, ಬರೀ ಪಾಸ್‌ವರ್ಡ್ ಕೊಟ್ಟು ಕಳಿಸುವುದು 2022ರ ಮೇ ಕೊನೆಗೆ ನಿಂತುಹೋಯಿತು. ಬ್ಯಾಕಪ್ ಜೊತೆ ಜಗಳ ಆಡೋಕೆ ಇದರಲ್ಲಿ ಏನೂ ಇಲ್ಲ. ಆದರೆ ಮೆಸೇಜ್ ಬಾರದ ದಿನ, 'ಬರಲಿಲ್ಲವಲ್ಲ' ಅಂತ ನೀವೇ ನೆನಪು ಮಾಡಿಕೊಳ್ಳಬೇಕು. ನನ್ನಂಥ ಮರೆಗುಳಿಗೆ ಇದು ಆಗಿಬರಲ್ಲ. ದಿನಾ ಬೆಳಗ್ಗೆ ಸರ್ವರ್ ಮುಂದೆಯೇ ಕೂರುವವರಾದರೆ ಇದೇ ಸಾಕು, ಜ್ಯಾಬಿಕ್ಸ್ ಕೂಡ ಬೇಡ.

ನನ್ನದು ವಾರಕ್ಕೊಮ್ಮೆ ಹೋಗುವ ಕೆಲಸ, ಹಾಗಾಗಿ ಜ್ಯಾಬಿಕ್ಸ್. ತುಂಬಾ ಸರ್ವರ್‌ಗಳಿದ್ದು, ಫ್ಯಾನು, ಪವರ್ ಸಪ್ಲೈ ಎಲ್ಲದರ ಮೇಲೂ ಕಣ್ಣಿಡಬೇಕಾದವರು ಪೇಯ್ಡ್ ಏಜೆಂಟ್ ನೋಡಲಿ. ಹಾಕುವ ಮುಂಚೆ ಒಂದು ಸಿಸ್ಟಮ್ ಸ್ಟೇಟ್ ಬ್ಯಾಕಪ್, ಹಾಕಿದ ಮೇಲೆ ಒಂದು, ಆಟೋ ಅಪ್‌ಡೇಟ್ ಆದ ಮೇಲೆ ಮತ್ತೊಂದು ತೆಗೆದು ನೋಡಲಿ. ನಮ್ಮ ಆಡಿಟರ್ ರಿನ್ಯೂವಲ್ ಕಟ್ಟಲಿಲ್ಲ. ಆ ದುಡ್ಡಲ್ಲಿ ಇನ್ನೊಂದು ಯುಎಸ್‌ಬಿ ಡಿಸ್ಕ್ ಬಂತು. ಎರಡನ್ನೂ ವಾರಕ್ಕೊಮ್ಮೆ ಅದಲು ಬದಲು ಮಾಡಿ, ಒಂದನ್ನು ಅವರು ಮನೆಗೆ ಒಯ್ಯುತ್ತಾರೆ.