ಬ್ಯಾಟರಿಗೆ ಬೆಂಕಿ ಬಿದ್ದ ಆನ್‌ಲೈನ್ ಕ್ಲಾಸು

ಹತ್ತನೇ ಕ್ಲಾಸಿಗೆ ವಿದ್ಯುತ್ ಪಾಠ. ಪ್ರಯೋಗ ಓಮ್ ನಿಯಮ, ಅಂದರೆ ವೋಲ್ಟೇಜ್ ಹೆಚ್ಚಿದಷ್ಟೂ ವಿದ್ಯುತ್ ಪ್ರವಾಹವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಅನ್ನೋದು. ಮಕ್ಕಳ ಕೈಯಲ್ಲಿ ಇದ್ದದ್ದು ಅಪ್ಪನದೋ ಅಮ್ಮನದೋ ಮೊಬೈಲು. ಪರದೆಯ ಮೇಲೇ ಪ್ರಯೋಗ ಮಾಡುವ ಮೂರು ವರ್ಚುವಲ್ ಲ್ಯಾಬ್ ಬಳಸಿ ನೋಡಿದೆ.

ಮೊದಲನೆಯದು ದುಡ್ಡು ಕೊಟ್ಟು ಬಳಸುವ ತ್ರೀಡಿ ಲ್ಯಾಬ್. ಹೆಸರು ಬೇಡ ಬಿಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಸೊಗಸಾಗಿತ್ತು, ಅರ್ಧ ಮಕ್ಕಳ ಮೊಬೈಲಿನಲ್ಲಿ ತೆರೆಯಲೇ ಇಲ್ಲ. ಅಲ್ಲಿಗೆ ಅದರ ಕತೆ ಮುಗಿಯಿತು.

ಎರಡನೆಯದು ಓಲ್ಯಾಬ್ಸ್. ಅಮೃತ ವಿಶ್ವ ವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್‌ನ ಮುಂಬೈ ಕೇಂದ್ರ ಸೇರಿ ಮಾಡಿದ್ದು. 9ರಿಂದ 12ನೇ ತರಗತಿಯ ಪ್ರಯೋಗಗಳಿವೆ. ಸಿದ್ಧಾಂತ, ವಿಧಾನ, ಸಿಮ್ಯುಲೇಟರ್, ಕೊನೆಗೆ ವೈವಾ ಪ್ರಶ್ನೆಗಳು ಎಲ್ಲ ಸಾಲಾಗಿ ಸಿಗುತ್ತವೆ. ರೆಕಾರ್ಡ್ ಬರೆಸೋಕೆ ಇದೇ ಸರಿ. ಆದರೆ ಮಕ್ಕಳು ಹೇಳಿದ ಹಾಗೆ ಮಾಡಿ ಮುಗಿಸುತ್ತಾರೆ, "ಹೀಗೆ ಮಾಡಿದ್ರೆ ಏನಾಗುತ್ತೆ?" ಅಂತ ಒಬ್ಬರೂ ಕೇಳಲಿಲ್ಲ.

ಮೂರನೆಯದು ಫೆಟ್. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಬೇಕಿಲ್ಲ. 9 ವೋಲ್ಟ್ ಬ್ಯಾಟರಿ, ಪ್ರವಾಹಕ್ಕೆ ತಡೆ ಒಡ್ಡುವ 10 ಓಮ್ ರೋಧಕ ಎಳೆದು ಜೋಡಿಸಿದೆವು. ಪ್ರವಾಹ ಅಳೆಯುವ ಆಮೀಟರ್ 0.90 ಆಂಪಿಯರ್ ತೋರಿಸಿತು. ಇನ್ನೊಂದು ಬ್ಯಾಟರಿ ಸರಣಿಯಲ್ಲಿ ಸೇರಿಸಿದರೆ 1.80. ಅಷ್ಟರಲ್ಲಿ ಒಬ್ಬ ಬ್ಯಾಟರಿಯ ಎರಡು ತುದಿಗೂ ಸುಮ್ನೆ ಒಂದೇ ವೈರ್ ಹಾಕಿದ. ಪರದೆಯ ಮೇಲೆ ಭಗ್ಗನೆ ಬೆಂಕಿ! ಅದುವರೆಗೂ ಮ್ಯೂಟ್ ಆಗಿದ್ದ ಮೈಕುಗಳೆಲ್ಲ ಒಟ್ಟಿಗೆ ತೆರೆದವು. "ಮಿಸ್, ನಾಣ್ಯ ಇಟ್ರೂ ಹೀಗೇನಾ? ರಬ್ಬರ್ ಇಟ್ರೆ?" ಎರಡೂ ಅಲ್ಲೇ ಇವೆ, ಇಟ್ಟು ನೋಡಿದರು. ನಿಜವಾದ ಲ್ಯಾಬಿನಲ್ಲಿ ಶಾರ್ಟ್ ಸರ್ಕ್ಯೂಟ್ ಮಾಡಿ ನೋಡಿ ಅಂತ ನಾನು ಹೇಳುತ್ತಿದ್ದೆನಾ?

ಫೆಟ್‌ಗೆ ಕೊರತೆ ಇಲ್ಲ ಅಂತಲ್ಲ. ಹೆಜ್ಜೆ ಹೆಜ್ಜೆಗೂ ಹೇಳಿಕೊಡುವವರು ಅಲ್ಲಿಲ್ಲ. ವರ್ಕ್‌ಶೀಟ್ ನಾವೇ ಮಾಡಿಕೊಡದಿದ್ದರೆ ಬರೀ ಆಟ ಆಗುತ್ತದೆ. ಅಳತೆಗಳೂ ಜಾಸ್ತಿ ಅಚ್ಚುಕಟ್ಟು, ಗ್ರಾಫಿನ ಬಿಂದುಗಳೆಲ್ಲ ಗೆರೆಯ ಮೇಲೇ ಕೂರುತ್ತವೆ. ಬ್ಯಾಟರಿಗೆ 1 ಓಮ್ ಆಂತರಿಕ ರೋಧ (ಬ್ಯಾಟರಿಯ ಒಳಗೇ ಇರುವ ತಡೆ) ಕೊಟ್ಟಾಗ 0.90 ಇದ್ದದ್ದು 0.82ಕ್ಕೆ ಇಳಿಯಿತು. ಮಕ್ಕಳು ಆಗ ಸ್ವಲ್ಪ ತಲೆ ಕೆರೆದುಕೊಂಡರು.

ಈಗ ನಾನು ಪಾಠ ಮಾಡುವ ಮೊದಲೇ ಫೆಟ್ ಕೊಡುತ್ತೇನೆ, ಹತ್ತು ನಿಮಿಷ ಏನು ಬೇಕಾದರೂ ಮಾಡಲಿ ಅಂತ ಬಿಡುತ್ತೇನೆ. ಓಲ್ಯಾಬ್ಸ್ ರೆಕಾರ್ಡ್ ಬರೆಯುವ ವಾರಕ್ಕೆ.